ಮಿಲ್ಲು ಮುಳುಗಿದಾಗ ಮಾಲೀಕನ ಮನೆ

2012ರ ಆಗಸ್ಟ್ ತಿಂಗಳಲ್ಲಿ ನಾನೊಂದು ತಪ್ಪು ಮಾಡಿದೆ. ಈಗಿನ ಕಾಲದಲ್ಲಿ ಎಲ್ಲರೂ ದಿನಕ್ಕೆರಡು ಸಲ ಮಾಡೋ ಅಂಥದ್ದೇ. ಒಂದು ನಿಮಿಷದ ವಿಡಿಯೋ ನೋಡಿ, ಕಣ್ಣು ಒದ್ದೆ ಮಾಡ್ಕೊಂಡು, ನಿಜವೋ ಸುಳ್ಳೋ ವಿಚಾರಿಸದೆ ಸಿಕ್ಕಸಿಕ್ಕವರಿಗೆಲ್ಲ ಕಳಿಸಿಬಿಟ್ಟೆ.

ಅಮೆರಿಕದ ಚುನಾವಣೆಯ ಜಾಹೀರಾತು ಅದು. ಕ್ಯಾನ್ಸಸ್ ಸಿಟಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದಿದ್ದ ವಯಸ್ಸಾದ ಕೆಲಸಗಾರ ಕ್ಯಾಮೆರಾ ಮುಂದೆ ಕೂತು ಹೇಳ್ತಾನೆ. ಮಿಟ್ ರಾಮ್ನಿಯ ಬೇನ್ ಕ್ಯಾಪಿಟಲ್ ಕಂಪನಿ ನಮ್ಮ ಕಾರ್ಖಾನೆ ಮುಚ್ಚಿತು, ಕೆಲಸ ಹೋಯ್ತು, ಅದರ ಜೊತೆ ಆರೋಗ್ಯ ವಿಮೆಯೂ ಹೋಯ್ತು, ಆಮೇಲೆ ಹೆಂಡತಿಗೆ ಕಾಯಿಲೆ ಬಂತು, ತೀರಿಕೊಂಡಳು. ದನಿ ಏರಿಸೋದಿಲ್ಲ, ಅಳೋದಿಲ್ಲ. ನೋಡಿದವರ ಎದೆಯಲ್ಲಿ ಮಾತ್ರ ಒಂದು ಸಾಲು ತಾನೇ ಬರೆದುಕೊಳ್ಳುತ್ತೆ: ಈ ಹೆಂಗಸನ್ನು ಕೊಂದವನು ರಾಮ್ನಿ.

ಮಾರನೇ ದಿನ ಓಹಾಯೋದಲ್ಲಿರೋ ನಮ್ಮ ಭಾವನ ಫೋನು ಬಂತು. ಅವರು ರಿಪಬ್ಲಿಕನ್ ಪಕ್ಷದ ಕಡೆಯವರು, ಇಪ್ಪತ್ತು ವರ್ಷದಿಂದ ಅಲ್ಲೇ ಸ್ವಂತ ಅಂಗಡಿ ಇಟ್ಟುಕೊಂಡವರು. "ಅಲ್ಲ ಮಾರಾಯ, ಕಳಿಸೋಕೆ ಮುಂಚೆ ತಾರೀಕಾದರೂ ನೋಡಬೇಡ್ವ? ರಾಮ್ನಿ ಬೇನ್ ಬಿಟ್ಟು ಒಲಿಂಪಿಕ್ಸ್ ನಡೆಸೋಕೆ ಹೋಗಿದ್ದು 1999ರಲ್ಲಿ. ಕಾರ್ಖಾನೆ ಮುಚ್ಚಿದ್ದು 2001ರಲ್ಲಿ. ಆಕೆ ತೀರಿಹೋಗಿದ್ದು 2006ರಲ್ಲಿ. ಕಾರ್ಖಾನೆ ಮುಚ್ಚಿದ ಮೇಲೂ ಸ್ವಲ್ಪ ಕಾಲ ಆಕೆಗೆ ತನ್ನ ಕೆಲಸದಿಂದಲೇ ವಿಮೆ ಇತ್ತಂತೆ, ಸಿಎನ್ಎನ್‌ನಲ್ಲೇ ಬಂದಿದೆ ನೋಡು" ಅಂದರು. ನೋಡಿದೆ. ಅವರು ಹೇಳಿದ್ದು ಸರಿ ಇತ್ತು.

ಕಳಿಸಿದವರಿಗೆಲ್ಲ 'ಅದು ಸರಿಯಲ್ಲ, ಕ್ಷಮಿಸಿ' ಅಂತ ಬರೆದೆ. ಜಾಹೀರಾತಿಗೆ ಹದಿನೇಳು ಜನ ಉತ್ತರ ಕೊಟ್ಟಿದ್ದರು, ಕ್ಷಮಾಪಣೆಗೆ ಇಬ್ಬರು. ಅದರಲ್ಲಿ ಒಬ್ಬರು ಭಾವ.

2012ರ ಆ ಚುನಾವಣೆ ಮುಗಿದುಹೋಯ್ತು. ಒಬಾಮ 332, ರಾಮ್ನಿ 206. ಇನ್ನೇನು ಬರೆಯೋದಿದೆ ಅಂತ ನೀವು ಕೇಳಬಹುದು. ಒಬ್ಬ ಅಭ್ಯರ್ಥಿಯ ವ್ಯಾಪಾರದ ಲೆಕ್ಕವನ್ನು ಮಾಧ್ಯಮಗಳು ಆ ವರ್ಷ ಇಡೀ ಬಗೆದು ನೋಡಿದವು. ಹಾಗೆ ಬಗೆದು ಸಿಕ್ಕಿದ್ದೇನು, ಕಳೆದುಹೋಗಿದ್ದೇನು ಅನ್ನೋದು ನನಗೆ ಗೆಲುವು ಸೋಲಿಗಿಂತ ದೊಡ್ಡದಾಗಿ ಕಾಣ್ತಿದೆ. ಅದಕ್ಕೆ ಕಾರಣ ನನ್ನ ಮನೆಯಲ್ಲೇ ಇದೆ, ಆಮೇಲೆ ಹೇಳ್ತೀನಿ.

ತಮಾಷೆ ಅಂದ್ರೆ, ಬೇನ್ ಮೇಲಿನ ಆ ವರ್ಷದ ಮೊದಲ ದೊಡ್ಡ ಹೊಡೆತ ಒಬಾಮ ಕಡೆಯಿಂದ ಬಿದ್ದದ್ದಲ್ಲ. ಜನವರಿಯಲ್ಲಿ, ದಕ್ಷಿಣ ಕ್ಯಾರೊಲಿನಾದ ಒಳಚುನಾವಣೆಗೆ ಮುಂಚೆ, ರಿಪಬ್ಲಿಕನ್ನರೇ ಆದ ನ್ಯೂಟ್ ಗಿಂಗ್ರಿಚ್ ಬೆಂಬಲಿಗರ ಸೂಪರ್ ಪ್ಯಾಕ್ ಸುಮಾರು ಅರ್ಧ ಗಂಟೆಯ ಚಿತ್ರ ಹೊರತಂದಿತು. ರಾಮ್ನಿ ಊರಿಗೆ ಬಂದ, ಊರು ಹಾಳಾಯ್ತು ಅನ್ನೋ ಕತೆ. ಟೆಕ್ಸಸ್‌ನ ರಿಕ್ ಪೆರ್ರಿ ಇಂಥ ವ್ಯಾಪಾರಿಗಳನ್ನು ರಣಹದ್ದು ಅಂತಲೇ ಕರೆದರು. ವಾಷಿಂಗ್ಟನ್ ಪೋಸ್ಟ್‌ನ ಸತ್ಯಶೋಧಕ ಗ್ಲೆನ್ ಕೆಸ್ಲರ್ ಆ ಚಿತ್ರಕ್ಕೆ ನಾಲ್ಕು ಪಿನೋಕಿಯೋ ಕೊಟ್ಟರು. ಅವರ ಲೆಕ್ಕದಲ್ಲಿ ಹಸಿ ಸುಳ್ಳು ಅಂತ ಅರ್ಥ. ಫ್ಲಾರಿಡಾದ ಮರಿಯಾನಾ ಊರಿನ, ಬಟ್ಟೆ ಒಗೆಯೋ ಯಂತ್ರದ ಕಾರ್ಖಾನೆ ಮುಚ್ಚಿದ ಕತೆ ಅದರಲ್ಲಿತ್ತು. ಅದು ಮುಚ್ಚೋ ಹೊತ್ತಿಗೆ ಬೇನ್ ಅದನ್ನ ಬೇರೆಯವರಿಗೆ ಮಾರಿ ಆಗಿತ್ತು. ಚಿತ್ರದಲ್ಲಿ ಮಾತಾಡಿದ ಕೆಲಸಗಾರರೇ, ನಾವು ಹೇಳಿದ್ದೊಂದು ಇವರು ತೋರಿಸಿದ್ದೊಂದು ಅಂತ ದೂರಿದರು. ಕೊನೆಗೆ ಗಿಂಗ್ರಿಚ್ ಅವರೇ, ತಪ್ಪು ತಿದ್ದಿ ಇಲ್ಲಾ ಚಿತ್ರ ತೆಗೀರಿ ಅನ್ನಬೇಕಾಯ್ತು.

ಆಗ ರಿಪಬ್ಲಿಕನ್ ಪರ ಮಾಧ್ಯಮಗಳು ಏನಂದವು? ಚಿತ್ರ ಸುಳ್ಳು ಅಂತ ಅಂದವರು ಕೆಲವರು. ಆದರೆ ರೇಡಿಯೋದ ರಶ್ ಲಿಂಬಾ ಥರದವರ ಮುಖ್ಯ ಸಿಟ್ಟು ಬೇರೆ ಇತ್ತು: ಇದು ಎಡಪಂಥೀಯರ ಭಾಷೆ, ನಮ್ಮವನಾಗಿ ನೀನು ಆಡಬಹುದೇ? ಅಂದ್ರೆ ಮಾತು ನಿಜವೋ ಅಲ್ಲವೋ ಅನ್ನೋದಕ್ಕಿಂತ ಯಾರ ಬಾಯಲ್ಲಿ ಬಂತು ಅನ್ನೋದೇ ದೊಡ್ಡದು. ಅತ್ತ ಡೆಮಾಕ್ರಟಿಕ್ ಪಕ್ಷದ ಕೋರಿ ಬುಕರ್, ಆಗ ನೂವರ್ಕ್ ನಗರದ ಮೇಯರ್ ಆಗಿದ್ದವರು, ಮೇ ತಿಂಗಳಲ್ಲಿ ಟಿವಿಯಲ್ಲಿ ಕೂತು ಇಂಥ ದಾಳಿಗಳು ನನಗೆ ವಾಕರಿಕೆ ತರಿಸ್ತವೆ ಅಂದಾಗ ಅವರ ಪಕ್ಷದವರೂ ಹಾಗೇ ಮೈಮೇಲೆ ಬಿದ್ದರು. ಅವತ್ತೇ ಅವರು ಇನ್ನೊಂದು ವಿಡಿಯೋ ಮಾಡಿ ಮಾತು ಮೆತ್ತಗೆ ಮಾಡಿದರು.

ಈಗ ಬೇನ್ ಮಾಡ್ತಿದ್ದ ವ್ಯಾಪಾರ ಏನು ಅಂತ ಒಂಚೂರು ನೋಡೋಣ. ಈ ಗಲಾಟೆಯಲ್ಲಿ ಅತಿ ಕಡಿಮೆ ವಿವರಿಸಿದ್ದು ಇದನ್ನೇ. 1984ರಲ್ಲಿ ಶುರುವಾದ ಕಂಪನಿ. ಮೊದಮೊದಲು ಹೊಸ ಉದ್ಯಮಗಳಿಗೆ ಬಂಡವಾಳ ಹಾಕ್ತಿತ್ತು. ಸ್ಟೇಪಲ್ಸ್ ಅನ್ನೋ ಲೇಖನ ಸಾಮಗ್ರಿ ಮಳಿಗೆ ಹಾಗೇ ಬೆಳೆದದ್ದು. ಆಮೇಲೆ ಹೆಚ್ಚಾಗಿ ಇದ್ದ ಕಂಪನಿಗಳನ್ನೇ ಕೊಳ್ಳೋಕೆ ಹೊರಟಿತು. ಕೈಯಿಂದ ಹಾಕೋದು ಸ್ವಲ್ಪ, ಉಳಿದದ್ದು ಸಾಲ. ಆ ಸಾಲ ಕೊಂಡವನ ತಲೆ ಮೇಲೆ ಕೂರೋದಿಲ್ಲ, ಕೊಂಡ ಕಂಪನಿಯ ತಲೆ ಮೇಲೇ ಕೂರುತ್ತೆ. ಸಾಲ ಮಾಡಿ ಎತ್ತಿನ ಜೋಡಿ ಕೊಂಡು, ಪತ್ರ ಎತ್ತಿನ ಹೆಸರಿಗೇ ಬರೆಸಿದ ಹಾಗೆ. ಎತ್ತು ಚೆನ್ನಾಗಿ ಉತ್ತರೆ ಸಾಲವೂ ತೀರುತ್ತೆ, ಯಜಮಾನನಿಗೂ ಲಾಭ. ಮಳೆ ಕೈಕೊಟ್ಟರೆ ಎತ್ತು ಕುಸಿಯುತ್ತೆ. ಅಷ್ಟರೊಳಗೆ ಯಜಮಾನ ತನ್ನ ಪಾಲು ತಗೊಂಡಿದ್ದರೆ ಅವನಿಗೇನೂ ಆಗೋದಿಲ್ಲ.

ಕ್ಯಾನ್ಸಸ್ ಸಿಟಿಯ ಜಿಎಸ್‌ಟಿ ಸ್ಟೀಲ್ ಕತೆಯನ್ನು ರಾಯ್ಟರ್ಸ್ ಜನವರಿಯಲ್ಲೇ ಬಿಡಿಸಿ ಬರೆದಿತ್ತು. 1993ರಲ್ಲಿ ಬೇನ್ ಮೊದಲು ಹಾಕಿದ್ದು 80 ಲಕ್ಷ ಡಾಲರ್. ಅದಕ್ಕೆ ಬಂದ ಲಾಭ 1.2 ಕೋಟಿ, ಅದರ ಜೊತೆ ಸಲಹೆ ಕೊಟ್ಟ ಶುಲ್ಕ ಅಂತ ಕಡಿಮೆ ಅಂದ್ರೂ 45 ಲಕ್ಷ. ಕಂಪನಿಗೆ ಉಳಿದದ್ದು ಸಾಲ. 2001ರಲ್ಲಿ ದಿವಾಳಿ ಆದಾಗ 750 ಜನ ಕೆಲಸ ಕಳಕೊಂಡರು. ಪಿಂಚಣಿ ನಿಧಿಯಲ್ಲಿ ಇರಬೇಕಾದಷ್ಟು ದುಡ್ಡಿರಲಿಲ್ಲ, ಸರ್ಕಾರದ ಪಿಂಚಣಿ ವಿಮಾ ಸಂಸ್ಥೆ 4.4 ಕೋಟಿ ಡಾಲರ್ ಕೊಡಬೇಕಾಯ್ತು. ಆ ಸಂಸ್ಥೆ ನಡೆಯೋದು ತೆರಿಗೆ ಹಣದಿಂದಲ್ಲ, ಕಂಪನಿಗಳು ಕಟ್ಟೋ ವಿಮಾ ಕಂತಿನಿಂದ. ಅಂದ್ರೆ ಒಬ್ಬ ಬಿಟ್ಟುಹೋದ ಹೊರೆ ಸರಿಯಾಗಿ ಕಂತು ಕಟ್ಟಿದ ಉಳಿದವರ ಮೇಲೆ.

ಇನ್ನೊಂದು ಮಗ್ಗುಲೂ ಹೇಳಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ಹೊರದೇಶದ ಅಗ್ಗದ ಉಕ್ಕು ಅಮೆರಿಕಕ್ಕೆ ನುಗ್ಗಿತ್ತು. ಎಲ್‌ಟಿವಿ, ಬೆತ್ಲೆಹೆಮ್ ಸ್ಟೀಲ್‌ನಂಥ ದೈತ್ಯರೇ 2000 ಮತ್ತು 2001ರಲ್ಲಿ ದಿವಾಳಿ ಅರ್ಜಿ ಹಾಕಿದರು. ಅವರ ಹತ್ತಿರ ಬೇನ್ ಇರಲಿಲ್ಲ. ಅದೇ ಹೊತ್ತಲ್ಲಿ ಬೇನ್ ಬಂಡವಾಳ ಹಾಕಿದ ಇನ್ನೊಂದು ಉಕ್ಕಿನ ಕಂಪನಿ, ಇಂಡಿಯಾನಾದ ಸ್ಟೀಲ್ ಡೈನಾಮಿಕ್ಸ್, ಹೊಸ ತಂತ್ರಜ್ಞಾನದಿಂದ ಶುರುವಾಗಿ ಸಾವಿರಾರು ಜನಕ್ಕೆ ಕೆಲಸ ಕೊಟ್ಟು ಇವತ್ತಿಗೂ ನಡೀತಿದೆ. ಒಂದೇ ಕೈ, ಒಂದೇ ದಶಕ, ಒಂದೇ ಲೋಹ. ಒಂದು ಮುಳುಗಿತು, ಒಂದು ತೇಲಿತು. ಒಬಾಮ ಪರ ಜಾಹೀರಾತುಗಳಿಗೆ ಮುಳುಗಿದ್ದು ಮಾತ್ರ ಕಂಡಿತು, ರಾಮ್ನಿ ಪರ ಜಾಹೀರಾತುಗಳಿಗೆ ತೇಲಿದ್ದು ಮಾತ್ರ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಏಳೋ ಪ್ರಶ್ನೆ ಬೇರೆ: ಮುಳುಗಿದ ಕಡೆಯೂ ಬೇನ್‌ಗೆ ಲಾಭ ಹೇಗೆ ಬಂತು?

ಆಂಪ್ಯಾಡ್ ಅನ್ನೋ ಕಾಗದದ ಕಂಪನಿಯಲ್ಲೂ ಹಾಗೇ ಆಗಿತ್ತು. ಬೇನ್ ಅದನ್ನ ಕೊಂಡಿದ್ದು 1992ರಲ್ಲಿ. 1994ರಲ್ಲಿ ಆಂಪ್ಯಾಡ್ ಇಂಡಿಯಾನಾದ ಮರಿಯನ್ ಊರಿನ ಕಾರ್ಖಾನೆ ಕೊಂಡು, ಇದ್ದವರನ್ನೆಲ್ಲ ಕೆಲಸದಿಂದ ತೆಗೆದು, ಬೇಕಾದ್ರೆ ಕಡಿಮೆ ಸೌಲಭ್ಯಕ್ಕೆ ಮತ್ತೆ ಅರ್ಜಿ ಹಾಕಿ ಅಂದಿತು. ಮುಷ್ಕರ ಆಯ್ತು. ರಾಮ್ನಿ ಅದೇ ವರ್ಷ ಮ್ಯಾಸಚೂಸೆಟ್ಸ್‌ನಲ್ಲಿ ಟೆಡ್ ಕೆನಡಿ ವಿರುದ್ಧ ಸೆನೆಟ್‌ಗೆ ನಿಂತಿದ್ದರು. ಮುಷ್ಕರದ ಕೆಲಸಗಾರರು ಅಲ್ಲಿಗೇ ಹೋಗಿ ಪ್ರಚಾರ ಮಾಡಿದರು. ರಾಮ್ನಿ ಸೋತರು. 2000ದಲ್ಲಿ ಆಂಪ್ಯಾಡ್ ದಿವಾಳಿ ಆಯ್ತು. ಬೇನ್ ಹಾಕಿದ್ದು 50 ಲಕ್ಷ ಡಾಲರ್, ತಗೊಂಡಿದ್ದು 10 ಕೋಟಿಗೂ ಮೇಲೆ.

ಇಷ್ಟೇ ಸಾಕಿತ್ತು. ಇಷ್ಟನ್ನೇ ನಿಧಾನವಾಗಿ, ಲೆಕ್ಕದ ಪುಸ್ತಕ ತೆರೆದಿಟ್ಟು ಕೇಳಿದ್ದರೆ ರಾಮ್ನಿ ಉತ್ತರಿಸಲೇಬೇಕಿತ್ತು. ಯಾಕೆಂದ್ರೆ ನಾನು ಉದ್ಯಮಿ, ನನಗೆ ಉದ್ಯೋಗ ಸೃಷ್ಟಿಸೋದು ಗೊತ್ತು, ಬೇನ್‌ನಲ್ಲಿ ಒಂದು ಲಕ್ಷ ಉದ್ಯೋಗ ಸೃಷ್ಟಿಸಿದ್ದೀನಿ ಅಂತ ಹೇಳಿಕೊಂಡವರು ಅವರೇ. ಆ ಒಂದು ಲಕ್ಷಕ್ಕೆ ಆಧಾರ ಕೇಳಿದಾಗ ಸಿಕ್ಕಿದ್ದು ಸ್ಟೇಪಲ್ಸ್‌ನಂಥ ಎರಡು ಮೂರು ಕಂಪನಿಗಳಲ್ಲಿ ಆಗ ಇದ್ದ ಕೆಲಸಗಾರರ ಸಂಖ್ಯೆ. ಅದರಲ್ಲಿ ಬಹುಪಾಲು ಅವರು ಬಿಟ್ಟ ಮೇಲೆ ಹುಟ್ಟಿದ ಕೆಲಸ. 1999ರ ನಂತರ ಹೋದ ಕೆಲಸ ನನ್ನ ಲೆಕ್ಕಕ್ಕಿಲ್ಲ, 1999ರ ನಂತರ ಬಂದ ಕೆಲಸ ನನ್ನ ಲೆಕ್ಕಕ್ಕೆ! ನಮ್ಮೂರ ಸಂತೆಯಲ್ಲಿ ಹೀಗೆ ತೂಗಿದರೆ ತಕ್ಕಡಿ ಕಿತ್ತು ಬಿಸಾಕ್ತಾರೆ.

ಆದರೆ ಮಾಧ್ಯಮಗಳು ಹಿಡಿದದ್ದು ಇದನ್ನಲ್ಲ. ಜುಲೈನಲ್ಲಿ ಬೋಸ್ಟನ್ ಗ್ಲೋಬ್ ಒಂದು ವರದಿ ಹಾಕಿತು. ಷೇರು ಆಯೋಗಕ್ಕೆ ಸಲ್ಲಿಸಿದ ಕಾಗದಗಳಲ್ಲಿ 1999ರ ನಂತರವೂ ರಾಮ್ನಿ ಬೇನ್‌ನ ಮುಖ್ಯಸ್ಥ, ಏಕೈಕ ಷೇರುದಾರ ಅಂತಲೇ ಇದೆ ಅಂತ. ಕಾಗದ ನಿಜ. ಅದೇ ದಿನ ಫಾರ್ಚೂನ್ ಬೇರೆ ಕಾಗದ ತೋರಿಸಿ, ಆ ವರ್ಷಗಳ ನಿಧಿಗಳ ಆಡಳಿತದಲ್ಲಿ ಅವರ ಹೆಸರಿಲ್ಲ ಅಂದಿತು. ಅದೂ ನಿಜ. ಒಬಾಮ ಪ್ರಚಾರದ ಸ್ಟೆಫನಿ ಕಟರ್ ಇಲ್ಲಿ ಅಪರಾಧ ಆಗಿರಬಹುದು ಅನ್ನೋ ಮಟ್ಟಕ್ಕೆ ಹೋದರು. ಅಲ್ಲಿಂದ ವಾರಗಟ್ಟಲೆ ಎಲ್ಲ ವಾಹಿನಿಗಳಲ್ಲೂ ಒಂದೇ ಚರ್ಚೆ: 2001ರಲ್ಲಿ ಆತ ಎಲ್ಲಿದ್ದ? 1993ರಲ್ಲಿ ಮಾಡಿದ ಸಾಲದ ಮಾತು ಯಾರಿಗೂ ಬೇಡವಾಯ್ತು. ಮನೆಗೆ ಬೆಂಕಿ ಬಿದ್ದ ರಾತ್ರಿ ಯಜಮಾನ ಊರಲ್ಲಿದ್ದನೋ ಇಲ್ಲವೋ ಅಂತ ಜಗಳ. ತಂತಿ ಎಳೆಸಿದ್ದು ಯಾರು ಅಂತ ಕೇಳೋರಿಲ್ಲ.

ವಾಷಿಂಗ್ಟನ್ ಪೋಸ್ಟ್ ಅಂತೂ ಜೂನ್ ತಿಂಗಳಲ್ಲಿ ಇನ್ನೊಂದು ವಿಚಿತ್ರ ಮಾಡಿತು. ಬೇನ್ ಹಣ ಹಾಕಿದ ಕಂಪನಿಗಳು ಕೆಲಸವನ್ನ ಹೊರದೇಶಕ್ಕೆ ಕಳಿಸೋದರಲ್ಲಿ ಮುಂದಿದ್ದವು ಅಂತ ಸುದ್ದಿ ಪುಟದಲ್ಲಿ ಬರೆದ ಅದೇ ವಾರ, ಅದೇ ಪತ್ರಿಕೆಯ ಕೆಸ್ಲರ್ ಅದೇ ಆರೋಪದ ಒಬಾಮ ಜಾಹೀರಾತಿಗೆ ನಾಲ್ಕು ಪಿನೋಕಿಯೋ ಕೊಟ್ಟರು. ಒಬಾಮ ಕಡೆಯವರು ಸುದ್ದಿಯನ್ನ ಎತ್ತಿ ಹಿಡಿದರು, ರಾಮ್ನಿ ಕಡೆಯವರು ಪಿನೋಕಿಯೋ ಹಿಡಿದರು. ಎರಡನ್ನೂ ಓದಿದವರು ಎಷ್ಟು ಜನ ಇದ್ದಾರು?

ಈ ಹೊರದೇಶದ ಕೆಲಸದ ಮಾತು ಬಂದಾಗ ನನಗೆ ಕಸಿವಿಸಿ. ಜುಲೈನ ಇನ್ನೊಂದು ಜಾಹೀರಾತು ನೆನಪಿರಬಹುದು. ರಾಮ್ನಿ ತಮ್ಮ ದೇಶಭಕ್ತಿಗೀತೆಯನ್ನ ಸ್ವಲ್ಪ ಅಪಸ್ವರದಲ್ಲಿ ಹಾಡ್ತಿರ್ತಾರೆ, ಹಿಂದೆ ಖಾಲಿ ಕಾರ್ಖಾನೆಗಳು. ಅವರ ಕಂಪನಿಗಳು ಕೆಲಸವನ್ನ ಮೆಕ್ಸಿಕೋ, ಚೀನಾಗೆ ಕಳಿಸಿದವು, ಗವರ್ನರ್ ಆಗಿ ಅವರು ಇಂಡಿಯಾಕ್ಕೆ ಕಳಿಸಿದರು ಅಂತ ಅಕ್ಷರ ಮೂಡುತ್ತೆ. ಮ್ಯಾಸಚೂಸೆಟ್ಸ್‌ನ ಬಡವರ ಆಹಾರ ನೆರವಿನ ಸಹಾಯವಾಣಿಯ ಕರೆಗಳಿಗೆ ನಮ್ಮ ದೇಶದಿಂದ ಉತ್ತರ ಹೋಗ್ತಿತ್ತು. ಅಂಥ ಗುತ್ತಿಗೆ ತಡೆಯೋ ಶಾಸನಸಭೆಯ ಪ್ರಸ್ತಾಪವನ್ನ 2004ರಲ್ಲಿ ರಾಮ್ನಿ ತಳ್ಳಿಹಾಕಿದ್ದರು. ಅದು ನಿಜ.

ಆ 2004ರಲ್ಲಿ ನಾನೂ ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಸಂಜೆ ಏಳಕ್ಕೆ ಕ್ಯಾಬ್, ಬೆಳಗಿನ ಜಾವ ಐದಕ್ಕೆ ಕ್ಯಾಬ್. ಇಟ್ಟುಕೊಟ್ಟ ಇನ್ನೊಂದು ಹೆಸರಲ್ಲಿ ಅಮೆರಿಕದವರ ಬಿಲ್ಲಿನ ತಕರಾರು ಕೇಳೋದು. ಒಂದು ರಾತ್ರಿ ಒಬ್ಬ ಹೆಂಗಸು, ನೀನು ನಿಜವಾಗಿ ಎಲ್ಲಿಂದ ಮಾತಾಡ್ತಿದ್ದೀಯ ಹೇಳು, ನಿನ್ನ ಕುರ್ಚಿಯಲ್ಲಿ ನನ್ನ ತಂಗಿ ಕೂತಿದ್ದಳು ಅಂದಳು. ಬೈಯಲಿಲ್ಲ. ಅಷ್ಟು ಹೇಳಿ ಫೋನು ಇಟ್ಟಳು. ಆಮೇಲೆ 2009ರಲ್ಲಿ ಒಬಾಮ ಬಫಲೋ ಬದಲು ಬೆಂಗಳೂರಲ್ಲಿ ಕೆಲಸ ಕೊಟ್ಟರೆ ತೆರಿಗೆ ಕಡಿಮೆ ಆಗೋ ಪದ್ಧತಿ ಬಗ್ಗೆ ಮಾತಾಡಿದಾಗ ನಮ್ಮಲ್ಲಿ ಎಲ್ಲರಿಗೂ ಸಿಟ್ಟು ಬಂತು. ನನಗೆ ಆ ಹೆಂಗಸಿನ ದನಿ ನೆನಪಾಯ್ತು.

ಮನೆಯ ಕಾರಣ ಹೇಳ್ತೀನಿ ಅಂದೆನಲ್ಲ. ನಮ್ಮಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಊರಿಗೆ ಆಗ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಅಪ್ಪನದೂ ಮುಚ್ಚಿತು. ನಾನಾಗ ಹೈಸ್ಕೂಲು. ಊರ ತುಂಬ ಕತೆಗಳು. ಮಾಲೀಕರ ಮಗ ಜೂಜಾಡಿ ಕಳೆದ ಅಂತ ಕೆಲವರು, ಯೂನಿಯನ್ ಲೀಡರ್ ತಿಂದ ಅಂತ ಕೆಲವರು. ಎರಡು ಪಕ್ಷದವರು ಎರಡು ಕತೆ ಇಟ್ಟುಕೊಂಡು ಎರಡು ಚುನಾವಣೆ ನಡೆಸಿದರು. ಅಪ್ಪನ ಬಾಕಿ ಮಾತ್ರ ಬರಲಿಲ್ಲ. ಹಾಗಾಗಿ ಕ್ಯಾನ್ಸಸ್ ಸಿಟಿಯ ಆ ಮನುಷ್ಯ ಪರದೆ ಮೇಲೆ ಕೂತಾಗ ನನಗೆ ಕಂಡದ್ದು ನಮ್ಮಪ್ಪ. ತಾರೀಕು ಕೇಳೋ ಬುದ್ಧಿ ಅಲ್ಲಿಗೇ ನಿಂತುಹೋಯ್ತು. ಇಂಥ ಜಾಹೀರಾತು ಮಾಡೋರಿಗೆ ಇದು ಚೆನ್ನಾಗಿ ಗೊತ್ತು. ಪ್ರಯಾರಿಟೀಸ್ ಯುಎಸ್ಎ ಅನ್ನೋ ಒಬಾಮ ಪರ ಸೂಪರ್ ಪ್ಯಾಕ್ ಅದನ್ನ ದುಡ್ಡು ಕೊಟ್ಟು ಪ್ರಸಾರ ಮಾಡಿದ್ದು ಇಲ್ಲವೇ ಇಲ್ಲ ಅನ್ನುವಷ್ಟು. ಸುದ್ದಿ ವಾಹಿನಿಗಳೇ ಚರ್ಚೆಯ ಹೆಸರಲ್ಲಿ ಬಿಟ್ಟಿಯಾಗಿ ದಿನವಿಡೀ ತೋರಿಸಿದವು. ಖಂಡಿಸಿದವರೂ ತೋರಿಸಿಯೇ ಖಂಡಿಸಿದರು.

ಆ ಮನುಷ್ಯನಿಗೆ ನಿಜವಾಗಿ ಆದ ಅನ್ಯಾಯ ಸಣ್ಣದಲ್ಲ. ಕೆಲಸ ಹೋಗಿತ್ತು, ವಿಮೆ ಹೋಗಿತ್ತು. ಅದನ್ನಷ್ಟೇ ಹೇಳಿದ್ದರೆ ಯಾರೂ ಅಲ್ಲಗಳೆಯೋ ಹಾಗಿರಲಿಲ್ಲ. ಅದರ ಮೇಲೆ ಒಂದು ಸಾವು ಪೇರಿಸಿದರು. ಸಾವಿನ ಕತೆ ಬಿದ್ದಾಗ ಅದರ ಜೊತೆ ಪಿಂಚಣಿಯ ಕತೆಯೂ ಬಿತ್ತು. ಭಾವನಂಥವರು ಅವತ್ತಿಂದ ಬೇನ್ ಅಂದ್ರೆ ಸಾಕು, 'ಆ ಕ್ಯಾನ್ಸರ್ ಜಾಹೀರಾತಿನ ಥರಾನಾ?' ಅಂತ ನಗ್ತಾರೆ. ಸುಳ್ಳು ಹೇಳಿದವರು ರಾಮ್ನಿಗೆ ಮಾಡಿದ ಅನ್ಯಾಯ ಒಂದು. ಆ ಕೆಲಸಗಾರನಿಗೆ ಮಾಡಿದ್ದು ಅದಕ್ಕಿಂತ ದೊಡ್ಡದು.

ಇನ್ನು ಆ ಕಡೆಯವರೇನು ಸಾಚಾ ಅಲ್ಲ. ಬೇನ್ ಸೋತಾಗ 'ವ್ಯಾಪಾರ ಅಂದ್ಮೇಲೆ ಸೋಲು ಗೆಲುವು ಇದ್ದದ್ದೇ' ಅಂದವರೇ ಸೋಲಿಂಡ್ರಾ ಅನ್ನೋ ಸೌರಫಲಕ ಕಂಪನಿ ಮುಳುಗಿದಾಗ ಒಬಾಮರನ್ನ ಕಳ್ಳ ಅನ್ನೋ ಹಾಗೆ ಬಿಂಬಿಸಿದರು. ಅದಕ್ಕೆ 53.5 ಕೋಟಿ ಡಾಲರ್ ಸರ್ಕಾರಿ ಸಾಲ, ಸಾರ್ವಜನಿಕರ ದುಡ್ಡು, ಕೇಳಬೇಕಾದ್ದೇ. ಆದ್ರೆ ಕೇಳೋ ದನಿ ಎರಡೂ ಕಡೆ ಒಂದೇ ಇರಬೇಕಲ್ಲ? ಜನವರಿಯಲ್ಲಿ ರಾಮ್ನಿ ಆರೋಗ್ಯ ವಿಮಾ ಕಂಪನಿಗಳ ಬಗ್ಗೆ ಆಡಿದ ಮಾತಿನಿಂದ 'ಕೆಲಸದಿಂದ ತೆಗೆಯೋದು ನನಗಿಷ್ಟ' ಅನ್ನೋ ತುಂಡು ಕತ್ತರಿಸಿದರು. ಜುಲೈನಲ್ಲಿ ಒಬಾಮ ರಸ್ತೆ, ಸೇತುವೆಗಳ ಬಗ್ಗೆ ಆಡಿದ ಮಾತಿನಿಂದ 'ಅದನ್ನ ಕಟ್ಟಿದ್ದು ನೀವಲ್ಲ' ಅನ್ನೋ ತುಂಡು ಕತ್ತರಿಸಿ ಟ್ಯಾಂಪಾ ಸಮಾವೇಶದಲ್ಲಿ ಒಂದು ದಿನವನ್ನೇ ಅದರ ಮೇಲೆ ಕಟ್ಟಿದರು. ಅಕ್ಟೋಬರಿನಲ್ಲಿ ಓಹಾಯೋದಲ್ಲಿ, ಜೀಪ್ ತಯಾರಿಕೆ ಚೀನಾಗೆ ಹೋಗುತ್ತೆ ಅಂತ ಹೆದರಿಸೋ ಜಾಹೀರಾತು ಹಾಕಿದ್ದು ರಾಮ್ನಿ ಕಡೆಯವರೇ. ಟೊಲೆಡೋದ ಕೆಲಸ ಎಲ್ಲೂ ಹೋಗಲ್ಲ ಅಂತ ಕ್ರೈಸ್ಲರ್ ಕಂಪನಿಯೇ ಹೇಳಬೇಕಾಯ್ತು. ಆ ಜಾಹೀರಾತನ್ನ ಭಾವ ನನಗೆ ಕಳಿಸಿದ್ದರು. ನಾನು ಫೋನ್ ಮಾಡಿ "ತಾರೀಕು ನೋಡಿದ್ರಾ ಭಾವ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕುಬಿಟ್ಟರು.

ಮತಗಟ್ಟೆ ಸಮೀಕ್ಷೆಯ ಒಂದು ಅಂಕಿ ಹೇಳ್ತೀನಿ. ನಮ್ಮಂಥವರ ಬಗ್ಗೆ ಕಾಳಜಿ ಇರೋ ನಾಯಕ ಮುಖ್ಯ ಅಂದವರು ನೂರಕ್ಕೆ ಇಪ್ಪತ್ತೊಂದು ಜನ. ಅವರಲ್ಲಿ ನೂರಕ್ಕೆ 81 ಒಬಾಮಗೆ, 18 ರಾಮ್ನಿಗೆ. ಬೇನ್ ಜಾಹೀರಾತುಗಳೇ ಹೀಗೆ ಮಾಡಿದವು ಅಂತ ಭಾವ. ದೇಶದ 47 ಶೇಕಡಾ ಜನರನ್ನ ಹಗುರಾಗಿ ಆಡಿದ ಆ ವಿಡಿಯೋ ರಾಮ್ನಿಯದೇ ಬಾಯಿ, ಅದನ್ನ ಯಾರೂ ಕತ್ತರಿಸಿ ಜೋಡಿಸಿರಲಿಲ್ಲ ಅಂತ ನಾನು. ಇದರಲ್ಲಿ ನಮ್ಮಿಬ್ಬರಿಗೂ ಒಮ್ಮತ ಇಲ್ಲ, ಬೇಕಾಗೂ ಇಲ್ಲ.

ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಸಾಲ ಎತ್ತಿನ ಹೆಸರಿಗೆ ಬರೆಸೋದು, ಪಿಂಚಣಿ, ಒಲಿಂಪಿಕ್ಸು, ಎಲ್ಲ. ಹಾಗಾದ್ರೆ ಆ ರಾಮ್ನಿ ಒಳ್ಳೆಯವನೋ ಕೆಟ್ಟವನೋ ಹೇಳಪ್ಪ ಅಂದೆ. ಅಡಿಕೆ ಕತ್ತರಿಸ್ತಾ ಕೂತಿದ್ದವರು ತಲೆ ಎತ್ತಲಿಲ್ಲ. "ನೋಡಪ, ಒಳ್ಳೇನೋ ಕೆಟ್ಟೋನೋ ತಗಂಡು ನಾವೇನು ಮಾಡದೈತಿ. ಮಿಲ್ಲು ಮುಳುಗಿದಾಗ ಆತನ ಮನೀನೂ ಮುಳುಗಿತೇನು? ಅಷ್ಟು ಕೇಳು. ಮುಳುಗಿತ್ತು ಅಂದ್ರ ಪಾಪ, ವ್ಯಾಪಾರ. ಮುಳುಗಲಿಲ್ಲ ಅಂದ್ರ, ಯಾಕ್ ಮುಳುಗಲಿಲ್ಲ ಅಂತ ಲೆಕ್ಕ ಕೇಳು."

ಒಂದು ವರ್ಷ, ಕೋಟಿಗಟ್ಟಲೆ ಡಾಲರಿನ ಜಾಹೀರಾತು, ಹಗಲು ರಾತ್ರಿ ಚರ್ಚೆ. ಆ ಒಂದು ಪ್ರಶ್ನೆ ಕೇಳಿದವರು ಇದ್ದರು, ರಾಯ್ಟರ್ಸ್‌ನಲ್ಲಿ ಇದ್ದರು, ಇನ್ನೂ ಕೆಲವು ಕಡೆ ಇದ್ದರು. ಅವರು ಬರೆದದ್ದನ್ನ ನಾನು ಯಾರಿಗೂ ಕಳಿಸಿರಲಿಲ್ಲ. ಓದೋಕೆ ಹದಿನೈದು ನಿಮಿಷ ಬೇಕಿತ್ತು.